ಒಂದೇ ನಾಡಿ

ಹೌಸ್ ಸರ್ಜನ್ ಆಗಿ ಸೇರಿದ ಮೊದಲ ದಿನವೇ ನಮಗೆಲ್ಲ ಒಂದು ಫಾರಂ ಕೊಟ್ಟರು. ‘ಟೆಲಿಮೆಡಿಸಿನ್‌ಗೆ ನೀವು ಎಷ್ಟು ಸಿದ್ಧರಿದ್ದೀರಿ?’ ಎಂಬ ಒಂದೇ ಪ್ರಶ್ನೆ, ಐದು ಚೌಕ. ‘ಸ್ವಲ್ಪವೂ ಇಲ್ಲ’ ಮೊದಲನೆಯದು, ‘ಸಂಪೂರ್ಣ ಸಿದ್ಧ’ ಐದನೆಯದು. ನಮ್ಮ ಬ್ಯಾಚಿನ ನೂರ ಹನ್ನೆರಡು ಜನರೂ ಐದನೆಯದಕ್ಕೇ ಟಿಕ್ ಹಾಕಿದೆವು. ನಾಲ್ಕೂವರೆ ವರ್ಷ ಬರೀ ಪರೀಕ್ಷೆ ಬರೆದು ಬಂದವರು ನಾವು, ಯಾವ ಉತ್ತರಕ್ಕೆ ಅಂಕ ಬೀಳುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫಾರಂಗಳನ್ನು ಒಟ್ಟು ಮಾಡಿಕೊಂಡ ಮೇಲೆ ವಿಭಾಗದ ಮುಖ್ಯಸ್ಥ ಡಾ. ವೃಷಭೇಂದ್ರ ಸರ್ ಕನ್ನಡಕ ಒರೆಸಿಕೊಳ್ಳುತ್ತ ಒಂದು ಮಾತು ಸೇರಿಸಿದರು.

‘‘ಇನ್ನು ಆರು ತಿಂಗಳು ಪರದೆ ಮೇಲೆ ಬರೋರೆಲ್ಲ ರೋಗಿಗಳಲ್ಲ. ಕೆಲವರನ್ನ ಕಂಪ್ಯೂಟರ್ ಹುಟ್ಟಿಸಿರುತ್ತೆ, ನಿಮ್ಮನ್ನ ಪರೀಕ್ಷೆ ಮಾಡೋಕೆ. ಎಷ್ಟು ಜನ, ಯಾರು ಅಂತ ಹೇಳಲ್ಲ. ಕಂಡುಹಿಡಿಯೋದೂ ಸಿದ್ಧತೆನೇ.’’

ಅವತ್ತಿನಿಂದ ನಾನು ಯಾರನ್ನೂ ನಂಬಲಿಲ್ಲ.

ನಮ್ಮ ಕಾಲೇಜಿನ ಹೆಸರು ಬೇಡ. ಮೈಸೂರಿನಲ್ಲಿದೆ ಅಂದರೆ ಸಾಕು. ಮೂರನೇ ಮಹಡಿಯ ಹಾಲ್‌ನಲ್ಲಿ ಸಾಲು ಸಾಲು ಮೇಜು, ಪ್ರತಿ ಮೇಜಿಗೊಂದು ಪರದೆ, ಪರದೆಯ ಮುಂದೆ ಅಂಗೈಯಗಲದ ಮೆತ್ತನೆಯ ದಿಂಬು. ಹನೂರಿನಾಚೆ ಕಾಡಂಚಿನ ಊರುಗಳ ಉಪಕೇಂದ್ರದಲ್ಲಿ ನರ್ಸ್ ತೆಳ್ಳನೆಯ ಗ್ಲೌಸು ಹಾಕಿಕೊಂಡು ರೋಗಿಯ ಹೊಟ್ಟೆ ಮುಟ್ಟಿದರೆ, ಅದು ಎಷ್ಟು ಗಟ್ಟಿ, ಎಷ್ಟು ಬಿಸಿ ಎಂಬುದು ಇಲ್ಲಿ ನನ್ನ ಬೆರಳ ಕೆಳಗಿನ ದಿಂಬಿಗೆ ಬರುತ್ತಿತ್ತು. ನಾನು ದಿಂಬನ್ನು ಒತ್ತಿದರೆ ಗ್ಲೌಸು ಅವಳ ಬೆರಳನ್ನು ಸಣ್ಣಗೆ ತಿವಿದು, ಎಲ್ಲಿ ಒತ್ತಬೇಕೆಂದು ಹೇಳುತ್ತಿತ್ತು. ನೂರು ಕಿಲೋಮೀಟರ್ ಆಚೆಯ ಹೊಟ್ಟೆಯನ್ನು ಮುಟ್ಟಿದ ಮೊದಲ ದಿನ ನನಗೆ ಮೈ ಜುಮ್ ಅಂದಿದ್ದು ನಿಜ.

ಕಾಡಿನಲ್ಲಿ ಸಿಗ್ನಲ್ ಕಡಿಮೆ. ಸ್ಪರ್ಶವನ್ನು ಹೊತ್ತು ತಂದ ಮೇಲೆ ಅದಕ್ಕೆ ಬೇರೆ ಏನನ್ನೂ ಹೊರಲು ತ್ರಾಣ ಇರುತ್ತಿರಲಿಲ್ಲ. ಅರ್ಧ ನಿಮಿಷಕ್ಕೊಂದು ಮಸುಕು ಫೋಟೊ, ಅದೂ ಮಂಚದ ತಲೆಯ ಕಡೆಯದು ಮಾತ್ರ. ಅಲ್ಲಿ ಆಡಿದ ಮಾತು ಅಕ್ಷರವಾಗಿ ಬಂದು, ಇಲ್ಲಿ ಯಂತ್ರದ ಒಂದು ಹೆಣ್ಣುದನಿ ಅದನ್ನು ಇಸ್ತ್ರಿ ಮಾಡಿದ ಕನ್ನಡದಲ್ಲಿ ಓದುತ್ತಿತ್ತು. ಎಂಬತ್ತರ ಅಜ್ಜನಿಗೂ ಅದೇ ದನಿ, ಬಾಣಂತಿಗೂ ಅದೇ ದನಿ. ಇಂಥದ್ದರಲ್ಲಿ ನಿಜವಾದ ಮನುಷ್ಯರು ಯಾರು, ಕಂಪ್ಯೂಟರ್ ಹುಟ್ಟಿಸಿದವರು ಯಾರು ಎಂದು ಹೇಗೆ ಹೇಳುತ್ತೀರಿ?

ಹೇಳಲೇಬೇಕಿತ್ತು. ಪರದೆಯ ಮೂಲೆಯಲ್ಲಿ ‘ಪರೀಕ್ಷಾ ರೋಗಿ’ ಎಂಬ ಕೆಂಪು ಗುಂಡಿ ಇತ್ತು. ಕಳ್ಳ ರೋಗಿ ಎಂದು ಗೊತ್ತಾದರೆ ಅದನ್ನು ಒತ್ತಬೇಕು. ಕಳ್ಳ ರೋಗಿಗೆ ಮೋಸಹೋಗಿ ಔಷಧಿ ಬರೆದರೆ ಸಿದ್ಧತೆಯ ಅಂಕ ಇಳಿಯುತ್ತದೆ. ಅರವತ್ತಕ್ಕಿಂತ ಕೆಳಗಿಳಿದರೆ ಇನ್ನೂ ಮೂರು ತಿಂಗಳು ಅಲ್ಲೇ ಕೊಳೆಯಬೇಕು. ಗುಂಡಿ ಒತ್ತಿದಾಗ ‘ದಾಖಲಾಗಿದೆ, ಧನ್ಯವಾದ’ ಎಂದಷ್ಟೇ ಬರುತ್ತಿತ್ತು. ಸರಿಯೋ ತಪ್ಪೋ ಎಂದು ಅದು ಯಾವತ್ತೂ ಬಾಯಿ ಬಿಡಲಿಲ್ಲ. ದಿನಕ್ಕೆ ಅರವತ್ತು ರೋಗಿಗಳನ್ನು ನೋಡುವಾಗ, ಗುಂಡಿ ಒತ್ತಿದರೆ ಒಬ್ಬರು ಕಡಿಮೆಯಾದರು ಎಂಬ ಹಗುರವೂ ಇರುತ್ತಿತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ನನಗೇ ನಾಚಿಕೆ.

ನನ್ನ ಪಾಲಿಗೆ ಐದು ಉಪಕೇಂದ್ರಗಳು. ಅದರಲ್ಲಿ ಕಾರೆದೊಡ್ಡಿಯ ನರ್ಸ್ ರಾಜಮ್ಮಣಿಯ ಕೈ ನನಗೆ ಚೆನ್ನಾಗಿ ಪರಿಚಯವಾಯಿತು. ಕೈ ಮಾತ್ರ. ಅವರ ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ರೋಗಿಯ ಹೊಟ್ಟೆಯ ಮೇಲೆ ಕೈ ಊರುವ ಮುಂಚೆ ಅವರು ಬೆರಳ ತುದಿಯಿಂದ ಹಗುರಾಗಿ ಎರಡು ಸಲ ತಟ್ಟುತ್ತಿದ್ದರು. ಕೈ ಇಡ್ತಾ ಇದೀನಿ, ಗಾಬರಿ ಬೇಡ ಎಂದು ಹೇಳುವ ಹಾಗೆ. ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಮೊದಲ ವಾರ ನಾನು ಒಬ್ಬ ಹುಡುಗಿಯ ಊದಿದ ಗುಲ್ಮವನ್ನು, ಅಂದರೆ ಸ್ಪ್ಲೀನನ್ನು, ಎಲ್ಲೆಲ್ಲೋ ಹುಡುಕುತ್ತಿದ್ದೆ. ನನ್ನ ತಿವಿತವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ರಾಜಮ್ಮಣಿಯ ಬೆರಳು ತಾನೇ ಎಡಗಡೆಗೆ ಜಾರಿ, ಪಕ್ಕೆಲುಬಿನ ಕೆಳಗೆ ನಿಂತುಬಿಟ್ಟಿತು. ಅಲ್ಲೇ ಇತ್ತು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು.

ನಾಡಿಯ ವಿಷಯ ಗೊತ್ತಾಗಿದ್ದೂ ಅವರ ಕೈಯಿಂದಲೇ. ನಾಡಿ ನೋಡುವಾಗ ಹೆಬ್ಬೆರಳು ಬಳಸಬಾರದು ಎಂದು ನಮಗೆ ಎರಡನೇ ವರ್ಷದಲ್ಲೇ ಬೈದು ಕಲಿಸಿರುತ್ತಾರೆ. ಹೆಬ್ಬೆರಳಿನಲ್ಲಿ ನಮ್ಮದೇ ನಾಡಿ ಬಲವಾಗಿ ಮಿಡಿಯುತ್ತದೆ, ರೋಗಿಯದೆಂದು ನಮ್ಮದನ್ನೇ ಎಣಿಸಿಬಿಡುತ್ತೇವೆ. ಐದನೇ ವಾರದಲ್ಲಿ ಒಬ್ಬ ಮುದುಕಿಯ ನಿಧಾನ ನಾಡಿಯ ಹಿಂದೆ ಇನ್ನೊಂದು ಸಣ್ಣ, ಚುರುಕಾದ ಮಿಡಿತ ದಿಂಬಿನಲ್ಲಿ ಸಿಕ್ಕಿತು. ಸ್ವಲ್ಪ ಹೊತ್ತು ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು, ಅದು ಗ್ಲೌಸಿನೊಳಗಿನ ರಾಜಮ್ಮಣಿಯ ಬೆರಳಿನದು! ಆಮೇಲೆ ಬಂದ ಪ್ರತಿಯೊಬ್ಬರಲ್ಲೂ ಹುಡುಕಿದೆ. ಹೆಚ್ಚಿನವರಲ್ಲಿ ಎರಡು ನಾಡಿ. ಕೆಲವರಲ್ಲಿ ಮಾತ್ರ ಎಷ್ಟು ಹುಡುಕಿದರೂ ಒಂದೇ.

‘‘ಸಿಕ್ಕಿಬಿತ್ತು ಕಣೋ!’’ ಎಂದು ಪಕ್ಕದ ಮೇಜಿನ ಲೋಹಿತ್‌ಗೆ ಹೇಳಿದೆ. ‘‘ಕಂಪ್ಯೂಟರ್ ರೋಗಿನ ಹುಟ್ಟಿಸುತ್ತೆ ಸರಿ. ಮುಟ್ಟೋ ನರ್ಸಿನ ನಾಡಿನ ಹುಟ್ಟಿಸಬೇಕು ಅಂತ ಅದಕ್ಕೆಲ್ಲಿ ಹೊಳೀಬೇಕು? ಒಂದೇ ನಾಡಿ ಇದ್ರೆ ಕಳ್ಳ ರೋಗಿ.’’

ಲೋಹಿತ್ ಹಾಸನದವನು, ಎಲ್ಲದಕ್ಕೂ ಮೊದಲು ಹುಬ್ಬೇರಿಸುವವನು. ‘‘ಅಲ್ಲೆಲ್ಲಾದರೂ ನರ್ಸೇ ಇಲ್ದಿದ್ರೆ?’’ ಎಂದ.

‘‘ಪರದೆ ಮೇಲೆ ಐದು ಕೇಂದ್ರಕ್ಕೂ ನರ್ಸ್ ಹೆಸರಿದೆಯಲ್ಲ, ನೋಡು.’’

ಇತ್ತು. ಅವನು ಒಪ್ಪಿದ. ಸಂಜೆಯೊಳಗೆ ಗುಟ್ಟು ಇಡೀ ಬ್ಯಾಚಿಗೆ ಹಬ್ಬಿತು. ಕ್ಯಾಂಟೀನಿನಲ್ಲಿ ನನಗೆ ಮಸಾಲೆದೋಸೆ ಕೊಡಿಸಿದರು. ಕಳ್ಳ ರೋಗಿಗಳು ಇನ್ನೂ ಒಂದು ವಿಷಯದಲ್ಲಿ ಸಿಕ್ಕಿಬೀಳುತ್ತಾರೆ ಎಂದು ನಾನೇ ಸೇರಿಸಿದೆ: ಅವರು ಕಾಯಿಲೆಯನ್ನು ಪಾಠ ಒಪ್ಪಿಸಿದ ಹಾಗೆ ಹೇಳುತ್ತಾರೆ. ಎಲ್ಲಿ ನೋವು, ಎಷ್ಟು ದಿನದಿಂದ, ಏನು ಮಾಡಿದರೆ ಜಾಸ್ತಿ, ಎಲ್ಲ ಸಾಲಾಗಿ. ಹಳ್ಳಿಯವರು ಹಾಗೆ ಹೇಳುತ್ತಾರಾ? ದನ ಕರು, ಮಗಳ ಮದುವೆ ಎಲ್ಲ ಮುಗಿದ ಮೇಲೆ ನೋವು ಬರುತ್ತದೆ. ಹೀಗೆ ನಾವೇ ನಮ್ಮ ಬೆನ್ನು ತಟ್ಟಿಕೊಂಡೆವು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ನಾನು ಹಿಡಿದ ಕಳ್ಳ ರೋಗಿಗಳ ಹೆಸರು, ಅವರು ಹೇಳಿದ ಕಾಯಿಲೆ, ಪರದೆಯಲ್ಲಿದ್ದ ಫೋನ್ ನಂಬರು ಎಲ್ಲ ಬರೆದಿಡತೊಡಗಿದೆ. ಹಾಕಿ ಆಟಗಾರರು ಹೊಡೆದ ಗೋಲುಗಳನ್ನು ಲೆಕ್ಕವಿಡುವ ಹಾಗೆ. ಅದನ್ನು ನೋಡಿ ಲೋಹಿತ್ ಕೂಡ ಒಂದು ಇಟ್ಟುಕೊಂಡ.

ಅನುಮಾನ ಒಂದು ಸಲ ಅಂಟಿದರೆ ಡ್ಯೂಟಿ ಮುಗಿಯಿತೆಂದು ಬಿಟ್ಟುಹೋಗುವುದಿಲ್ಲ. ಮನೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದ ಅಮ್ಮ ಒಂದು ದಿನ, ‘‘ಮೂರು ದಿನದಿಂದ ಬಲಗಡೆ ಮೊಣಕಾಲು ನೋವು ಕಣೇ, ಮೆಟ್ಟಿಲು ಇಳಿಯುವಾಗ ಜಾಸ್ತಿ, ಕೂತರೆ ಕಡಿಮೆ’’ ಎಂದಳು.

‘‘ಇಷ್ಟು ಸರಿಯಾಗಿ ಹೇಳೋಕೆ ಯಾರಮ್ಮ ಹೇಳಿಕೊಟ್ಟಿದ್ದು?’’ ಎಂದುಬಿಟ್ಟೆ.

ಅಮ್ಮ ಪೆಡಲ್ ನಿಲ್ಲಿಸಿ ನನ್ನನ್ನೇ ನೋಡಿದಳು. ‘‘ನೋವು ನಂದು, ನಾನಲ್ದೆ ಇನ್ಯಾರು ಹೇಳ್ಬೇಕಿತ್ತು?’’ ಎಂದು ಮತ್ತೆ ಹೊಲಿಯತೊಡಗಿದಳು. ಆಮೇಲೆ ಮೊಣಕಾಲಿನ ಮಾತೇ ಎತ್ತಲಿಲ್ಲ.

ಐದನೇ ತಿಂಗಳ ಒಂದು ಮಂಗಳವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಾರೆದೊಡ್ಡಿಯಿಂದ ಒಬ್ಬಳು ಬಂದಳು. ಹೆಸರು ಸಣ್ಣತಾಯಮ್ಮ, ವಯಸ್ಸು ಮೂವತ್ನಾಲ್ಕು.

‘‘ಬೆಳಿಗ್ಗೆಯಿಂದ ಕೆಳಹೊಟ್ಟೆಯ ಬಲಭಾಗದಲ್ಲಿ ತೀವ್ರ ನೋವು’’ ಎಂದಿತು ಯಂತ್ರದ ದನಿ. ‘‘ಮುಟ್ಟು ನಿಂತು ಏಳು ವಾರ. ಎರಡು ಸಲ ಕಣ್ಣಿಗೆ ಕತ್ತಲೆ ಬಂದಿದೆ. ಈಗ ಭುಜದ ತುದಿಯಲ್ಲೂ ನೋವು.’’

ನಾನು ಮನಸ್ಸಿನಲ್ಲೇ ನಕ್ಕೆ. ಗರ್ಭಕೋಶದ ಬದಲು ಅದರ ನಾಳದಲ್ಲಿ ಬಸಿರು ನಿಂತು ಒಡೆದರೆ ಹೀಗೇ ಆಗುತ್ತದೆ. ಒಳಗೆ ಸುರಿದ ರಕ್ತ ಮೇಲೇರಿ ಭುಜದಲ್ಲಿ ನೋವಾಗುತ್ತದೆ. ಆದರೆ ಹೊಟ್ಟೆ ನೋವೆಂದು ಬಂದವರು ಕೇಳದೆಯೇ ಭುಜದ ನೋವು ಹೇಳುವುದು ನಮ್ಮ ಪುಸ್ತಕಗಳಲ್ಲಿ ಮಾತ್ರ. ದಿಂಬಿನ ಮೇಲೆ ಕೈ ಇಟ್ಟೆ. ಸಣ್ಣಗೆ ಎರಡು ಸಲ ಏನೋ ತಟ್ಟಿದಂತಾಯಿತು, ಆಮೇಲೆ ಹೊಟ್ಟೆ ಬಂತು. ಗಟ್ಟಿಯಾಗಿತ್ತು. ನಾಡಿಗೆ ಹೋದೆ. ನಿಮಿಷಕ್ಕೆ ನೂರ ಹನ್ನೆರಡು. ಅದರ ಹಿಂದೆ ಕಾದೆ. ಏನೂ ಇಲ್ಲ. ಒಂದೇ ನಾಡಿ.

‘‘ನರ್ಸ್ ಎಲ್ಲಿ?’’ ಎಂದು ಟೈಪ್ ಮಾಡಿದೆ.

‘‘ನರ್ಸ್ ಇಲ್ಲೇ ಇದ್ದಾರೆ’’ ಎಂದಿತು ದನಿ.

ನರ್ಸ್ ಇದ್ದರೆ ಅವಳ ನಾಡಿ ಎಲ್ಲಿ? ಸುಳ್ಳು ಹೇಳಿಯೂ ಸಿಕ್ಕಿಬಿದ್ದೆಯಲ್ಲ ಎಂದುಕೊಂಡು ಕೆಂಪು ಗುಂಡಿ ಒತ್ತಿದೆ. ‘ದಾಖಲಾಗಿದೆ, ಧನ್ಯವಾದ.’ ನೋಟ್‌ಬುಕ್ಕಿನಲ್ಲಿ ಅದು ಮೂವತ್ತೇಳನೆಯ ಹೆಸರು.

ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋದೆ. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಅಮ್ಮ ಅಕ್ಕಿರೊಟ್ಟಿ ಮಾಡುತ್ತಿದ್ದಳು. ಹಿಟ್ಟಿನ ಉಂಡೆಯನ್ನು ಕಾವಲಿಯ ಮೇಲಿಟ್ಟು, ಬೆರಳು ನೀರಿಗದ್ದಿ, ಒತ್ತುವ ಮುಂಚೆ ಹಗುರಾಗಿ ಎರಡು ಸಲ ತಟ್ಟಿದಳು. ಟಪ್, ಟಪ್.

ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಆ ಎರಡು ತಟ್ಟು ಕಾರೆದೊಡ್ಡಿಯಿಂದ ಬಂದಿತ್ತು. ಬೇರೆ ಯಾರೂ ಹಾಗೆ ತಟ್ಟುವುದಿಲ್ಲ. ರಾಜಮ್ಮಣಿ ನಿಜವಾಗಿಯೂ ಅಲ್ಲಿದ್ದರು. ಅವರಿದ್ದೂ ಎರಡನೆಯ ನಾಡಿ ಇಲ್ಲ ಅಂದರೆ? ಮುಟ್ಟಿದವರ ನಾಡಿಯೂ ಮುಟ್ಟಿಸಿಕೊಂಡವರ ನಾಡಿಯೂ ಒಂದೇ ಆಗಬೇಕಾದರೆ?

‘‘ಅಮ್ಮಾ, ಆ ಹೊಟ್ಟೆ ಅವರದ್ದೇ!’’ ಎಂದು ಕೂಗಿ, ಎಂಜಲು ಕೈಯಲ್ಲೇ ಸ್ಕೂಟರ್ ಹತ್ತಿದೆ. ಗುಂಡಿ ಒತ್ತಿ ಎರಡು ತಾಸಿನ ಮೇಲಾಗಿತ್ತು.

ಹಾಲ್‌ನಲ್ಲಿ ಲೋಹಿತ್ ಒಬ್ಬನೇ ಇದ್ದ. ಕಾರೆದೊಡ್ಡಿಯ ಲೈನನ್ನು ನಾನೇ ತೆರೆದೆ. ಫೋಟೊ ಬಂತು: ಖಾಲಿ ತಲೆದಿಂಬು, ಮಂಚದ ಅಂಚಿಗೆ ಜಾರಿದ ಕೂದಲು. ಯಂತ್ರದ ದನಿ ಏನೂ ಹೇಳಲಿಲ್ಲ, ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ದಿಂಬಿನ ಮೇಲೆ ಕೈ ಇಟ್ಟೆ. ಗ್ಲೌಸು ಇನ್ನೂ ಅವರ ಕೈಯಲ್ಲೇ ಇತ್ತು. ನೂಲಿನಷ್ಟು ತೆಳ್ಳಗೆ, ಎಣಿಸಲಾರದಷ್ಟು ವೇಗವಾಗಿ ನಾಡಿ ಓಡುತ್ತಿತ್ತು.

ನಾನು ದಿಂಬಿನ ಮೇಲೆ ಎರಡು ಸಲ ತಟ್ಟಿದೆ. ಅಲ್ಲಿ ಗ್ಲೌಸು ಅವರ ಬೆರಳನ್ನು ಎರಡು ಸಲ ತಿವಿದಿರಬೇಕು. ಕಾದೆ. ಮತ್ತೆ ತಟ್ಟಿದೆ. ದೇವರೇ, ಮಷಿನ್ನೇ, ಯಾರಾದರೂ ಸರಿ, ಉತ್ತರ ಕೊಡಿ ಎಂದು ಬೇಡಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ ತಟ್ಟು ಬಂತು. ಎರಡನೆಯದು ಬರಲಿಲ್ಲ, ಅದಕ್ಕೆ ಅವರಲ್ಲಿ ಶಕ್ತಿ ಇರಲಿಲ್ಲ.

‘‘ಬದುಕಿದಾರೆ! ಗಾಡಿ ಕಳಿಸು, ಯಾವುದಾದರೂ ಗಾಡಿ!’’ ಎಂದು ಲೋಹಿತ್‌ಗೆ ಕೂಗಿದೆ.

ಆಂಬುಲೆನ್ಸ್ ಬರಲು ಒಂದೂವರೆ ಗಂಟೆ ಬೇಕೆಂದರು. ಲೋಹಿತ್ ಅಲ್ಲಿಗೆ ಬಿಡದೆ, ಹತ್ತಿರದ ಅರಣ್ಯ ಚೆಕ್‌ಪೋಸ್ಟಿನ ವೈರ್‌ಲೆಸ್ ಹಿಡಿಸಿ, ಅವರ ಜೀಪು ಹೊರಡಿಸಿದ. ಜೀಪಿನವರು ಬಂದು ಗ್ಲೌಸು ಕಳಚುವವರೆಗೆ ನಾನು ಆ ದಿಂಬಿನಿಂದ ಕೈ ತೆಗೆಯಲಿಲ್ಲ. ನಾಲ್ಕು ಗಂಟೆಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಆಪರೇಶನ್ ಶುರುವಾಯಿತು. ಬಲಗಡೆಯ ನಾಳ ಒಡೆದಿತ್ತು. ಅದನ್ನು ತೆಗೆದು, ಐದು ಬಾಟಲಿ ರಕ್ತ ಕೊಟ್ಟರು.

ಮೂರನೆಯ ದಿನ ಹೋಗಿ ನೋಡಿದೆ. ಗುಂಡು ಮುಖದ, ಮೂಗುತಿಯ ಹೆಂಗಸು. ಎದ್ದು ಕೂರಲು ಹೋದರು, ನಾನು ಬೇಡವೆಂದೆ.

‘‘ಬನ್ನಿ ಮೇಡಮ್ಮೋರೆ, ಕೂತ್ಕಳಿ’’ ಎಂದರು. ದಪ್ಪನೆಯ, ಸ್ವಲ್ಪ ಒಡಕು ದನಿ. ಐದು ತಿಂಗಳು ಜೊತೆಯಲ್ಲಿ ಕೆಲಸ ಮಾಡಿದವರ ದನಿಯನ್ನು ಅವತ್ತು ಮೊದಲ ಸಲ ಕೇಳಿದೆ.

‘‘ಬೇರೆ ಹೆಸರು ಯಾಕೆ ಹಾಕಿದ್ರಿ?’’

‘‘ನಂಗೇ ಉಸಾರಿಲ್ಲ ಅಂತ ಹಾಕುದ್ರೆ ನರ್ಸ್ ರಜಾ, ಕೇಂದ್ರ ಬಂದ್ ಅಂತ ತೋರಿಸ್ತದೆ, ಲೈನೇ ಸಿಕ್ಕಕಿಲ್ಲ. ಅದ್ಕೇ ನಾದಿನಿ ಹೆಸ್ರು ಹಾಕ್ದೆ. ಇಂಚರಾ ಮೇಡಮ್ಮೋರು ಲೈನಲ್ಲವ್ರೆ, ನನ್ ಕೈ ಗುರ್ತು ಹಿಡೀತಾರೆ ಅಂದ್ಕಂಡೆ.’’

ಅದನ್ನು ಅವರು ದೂರಿನಂತೆ ಹೇಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಒಂದೇ ನಾಡಿಯ ಸೂತ್ರ, ಕೆಂಪು ಗುಂಡಿ, ಎಲ್ಲ ಹೇಳಿದೆ. ಆಮೇಲೆ ನಿಧಾನವಾಗಿ ಅವರ ಮುಖ ಬದಲಾಯಿತು.

‘‘ಒಂದೇ ನಾಡಿ ಇದ್ದೋರ್ನೆಲ್ಲ ನೀವು ಸುಳ್ಳು ಅಂದ್ಬುಟ್ರಾ? ಮೇಡಮ್ಮೋರೆ, ನಿಮ್ಮ ಐದು ಕೇಂದ್ರದಲ್ಲಿ ನರ್ಸು ಇರೋದು ಎರಡ್ರಲ್ಲೇ. ಮಿಕ್ಕ ಕಡೆ ಬರೀ ಹೆಸ್ರು, ಪೋಸ್ಟು ಖಾಲಿ. ಗ್ಲೌಸು ಗೂಟಕ್ಕೆ ನೇತಾಕಿರ್ತದೆ. ಅಪ್ರೂಪಕ್ಕೆ ಒಬ್ಬೊಬ್ರು ಬತ್ತಾರೆ, ತಾವೇ ಹಾಕ್ಕತಾರೆ, ತಮ್ಮ ಹೊಟ್ಟೆ ತಾವೇ ಮುಟ್ಕತಾರೆ. ನಾನೇ ಹೋಗಿ ಹೇಳ್ಕೊಟ್ಟಿವ್ನಿ. ಹಿಂಗಿಂಗೆ ಸಾಲಾಗಿ ಹೇಳಿ, ಡಾಕ್ಟ್ರಿಗೆ ಪುರುಸೊತ್ತಿರಕಿಲ್ಲ ಅಂತಾನೂ ನಾನೇ ಹೇಳ್ಕೊಟ್ಟೆ.’’

ನನ್ನ ಕೈ ಚೀಲದೊಳಗಿನ ನೋಟ್‌ಬುಕ್ಕಿಗೆ ಹೋಯಿತು.

‘‘ನೀವು ಆ ಗುಂಡಿ ಒತ್ತುದ್ರೆ ನಮ್ ಕಡೆ ಏನ್ ಬತ್ತದೆ ಗೊತ್ತಾ?’’ ಎಂದರು ರಾಜಮ್ಮಣಿ. ‘‘ತಪಾಸಣೆ ಮುಗಿದಿದೆ, ನೀವು ಮನೆಗೆ ಹೋಗಬಹುದು ಅಂತ. ನಂಗೂ ಅದೇ ಬಂತು. ಇಷ್ಟು ವರ್ಸ ನರ್ಸಾಗಿದ್ದೋಳು, ಒಂದ್ ಗಳಿಗೆ ನಾನೂ ನಂಬ್ಬುಟ್ಟೆ. ಏನಿಲ್ವೇನೋ ಅಂತ ಅಲ್ಲೇ ಮಲಗ್ದೆ.’’

ಆದರೂ ಒಂದು ಆಸೆ ಉಳಿದಿತ್ತು. ಮೂವತ್ತೇಳರಲ್ಲಿ ಕೆಲವರಾದರೂ ನಿಜವಾದ ಕಳ್ಳ ರೋಗಿಗಳಿರಬೇಕಲ್ಲ? ಅರ್ಧದಷ್ಟಾದರೂ? ಮೈಸೂರಿಗೆ ಬಂದವಳೇ ವೃಷಭೇಂದ್ರ ಸರ್ ಕೋಣೆಗೆ ನುಗ್ಗಿದೆ.

ಅವರು ಬಾಗಿಲು ಹಾಕಲು ಹೇಳಿ, ಕನ್ನಡಕ ತೆಗೆದು ಒರೆಸಿದರು. ‘‘ಮೊದಲನೇ ವಾರ ಎಂಟು ಜನ ಪರೀಕ್ಷಾ ರೋಗಿಗಳನ್ನ ಬಿಟ್ಟಿದ್ವಿ. ಅದು ಸರಿಯಾಗಿ ಕೆಲಸ ಮಾಡಲಿಲ್ಲ, ನಿಲ್ಲಿಸಿದ್ವಿ. ನಿಮಗೆ ಹೇಳಲಿಲ್ಲ ಅಷ್ಟೆ. ಅನುಮಾನ ಒಂದಿದ್ರೆ ಸಾಕು, ಹುಡುಗರು ಎಚ್ಚರವಾಗಿರ್ತಾರೆ.’’

‘‘ಸರ್, ನಾನು ಮೊದಲನೇ ಸಲ ಗುಂಡಿ ಒತ್ತಿದ್ದೇ ಐದನೇ ವಾರದಲ್ಲಿ.’’

ಅವರು ಒರೆಸುವುದನ್ನು ನಿಲ್ಲಿಸಿದರು. ಕನ್ನಡಕ ಹಾಕಿಕೊಂಡು, ‘‘ನೋಡಮ್ಮ, ಇದನ್ನ ದೊಡ್ಡದು ಮಾಡೋದು ಬೇಡ. ನರ್ಸ್ ಉಳಿದರಲ್ಲ. ನಿನ್ನ ಸಿದ್ಧತೆ ಅಂಕ ನೋಡಿದೀಯಾ? ತೊಂಬತ್ತಾರು. ಬ್ಯಾಚಿಗೇ ಮೊದಲು’’ ಎಂದರು.

ಸರಿಯೋ ತಪ್ಪೋ ಯಾರೂ ನೋಡಿರಲಿಲ್ಲ. ಗುಂಡಿ ಒತ್ತಿದ್ದನ್ನೆಲ್ಲ ಎಚ್ಚರವೆಂದು ಎಣಿಸಿ ಅಂಕ ಹಾಕಿದ್ದರು. ಎದ್ದು ಬಂದೆ.

ಲೋಹಿತ್ ಕ್ಯಾಂಟೀನಿನಲ್ಲಿ ಕಾಯುತ್ತಿದ್ದ. ನಾನು ನೋಟ್‌ಬುಕ್ ಬಿಚ್ಚಿದೆ. ಜ್ವರ, ಸಕ್ಕರೆ ಕಾಯಿಲೆ, ಎದೆಯಲ್ಲಿ ಗಂಟು, ಮೂರು ವಾರದ ಕೆಮ್ಮು. ಇಷ್ಟು ದಿನ ನನ್ನ ಜಾಣತನದ ಪಟ್ಟಿಯಾಗಿದ್ದದ್ದು ಈಗ ಓದಲಾಗುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬ ನರ್ಸೂ ಇಲ್ಲದೆ, ಒಬ್ಬಂಟಿಯಾಗಿ ತಮ್ಮ ಮೈಯನ್ನು ತಾವೇ ಮುಟ್ಟಿ ತೋರಿಸಿದವರನ್ನೇ ಹುಡುಕಿ ಹುಡುಕಿ ನಾನು ಮನೆಗೆ ಕಳಿಸಿದ್ದೆ.

ಮೊದಲ ನಂಬರು ಸ್ವಿಚ್ ಆಫ್. ಎರಡನೆಯದು ಚಿಕ್ಕಮಾದಶೆಟ್ಟಿ, ಐವತ್ತೆಂಟು ವರ್ಷ, ಎದೆನೋವು, ಎಡಗೈ ಜೋಮು, ಎರಡು ತಿಂಗಳ ಹಿಂದೆ. ಎಂಟು ಸಲ ರಿಂಗಾದ ಮೇಲೆ ಎತ್ತಿಕೊಂಡರು.

‘‘ಯಾರು?’’

‘‘ನಾನು ಡಾಕ್ಟರ್ ಇಂಚರಾ, ಮೈಸೂರಿನಿಂದ. ಎರಡು ತಿಂಗಳ ಹಿಂದೆ ಎದೆನೋವು ಅಂತ ತೋರಿಸಿದ್ರಿ.’’

‘‘ಅವತ್ತೇ ಏನಿಲ್ಲ, ಮನೆಗೋಗು ಅಂದ್ರಲ್ಲ.’’

‘‘ಅದು ನನ್ನ ತಪ್ಪು. ನಿಮ್ಮನ್ನ ಮತ್ತೆ ನೋಡಬೇಕು. ಈಗ ನೋವು ಹೇಗಿದೆ?’’

ಆ ಕಡೆ ಒಂದು ಕೋಳಿ ಕೂಗಿದ್ದು ಕೇಳಿಸಿತು. ಕೋಳಿಯ ಕೂಗು ಕೇಳಿ ನನಗೆ ಸಮಾಧಾನವಾಯಿತು: ಆ ದನಿ ಯಂತ್ರದ್ದಲ್ಲ, ಮನುಷ್ಯ ಬದುಕಿದ್ದಾನೆ.

‘‘ನೀವು ನಿಜವಾದ ಡಾಕ್ಟ್ರೋ, ಇಲ್ಲ ಆ ಮಿಷಿನ್ನೇ ಫೋನ್ ಮಾಡ್ತಾ ಅದೋ?’’ ಎಂದರು ಚಿಕ್ಕಮಾದಶೆಟ್ಟಿ.

‘‘ನಿಜವಾದವಳೇ. ನಾನು ಮನುಷ್ಯಳೇ ಕಣಪ್ಪ.’’

‘‘ಮಿಷಿನ್ನೂ ಹಂಗೇ ಅನ್ನದು’’ ಎಂದು ಅವರು ಫೋನ್ ಇಟ್ಟರು.

ಮತ್ತೆ ಮಾಡಿದೆ. ಎತ್ತಲಿಲ್ಲ. ಅವರನ್ನು ನಂಬಿಸುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಡ್ಯೂಟಿಗೆ ಹೋಗದೆ ಹನೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಲೋಹಿತ್ ಆಗಲೇ ಕೂತಿದ್ದ. ಅವನ ತೊಡೆಯ ಮೇಲೆ ಅವನ ನೋಟ್‌ಬುಕ್ ಇತ್ತು. ಅದರಲ್ಲಿ ಮೂವತ್ತೊಂದು ಹೆಸರು.